ಬ್ಲಾಕ್ಸ್ ಹಂಚಿಕೊಡಬೇಡಿ ಅಕ್ಕ

ಅಕ್ಕ, ನಿಮ್ಮ ಮೆಸೇಜ್ ನೋಡಿದೆ. ಮೂರೂ ಮಕ್ಕಳು ಸೇರಿದರೆ ಜೋಡಿಸಿ ಕಟ್ಟಿ ಆಡುವ ಬ್ಲಾಕ್ಸ್ ವಿಷಯಕ್ಕೆ ದಿನಾ ಜಗಳ, ಒಬ್ಬೊಬ್ಬರಿಗೆ ಒಂದೊಂದು ಡಬ್ಬ ಬೇರೆ ಮಾಡಿಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ಬೇಡ ಅಕ್ಕ, ದಯವಿಟ್ಟು ಹಂಚಬೇಡಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಕೇಳಿ.

ಚಿಕ್ಕವಳಿಗೆ ಇನ್ನೂ ಎರಡೂವರೆ ವರ್ಷ ಅಲ್ವಾ? ಆ ವಯಸ್ಸಿನವರು ಪಕ್ಕಪಕ್ಕ ಕೂತರೂ ತಮ್ಮ ಪಾಡಿಗೆ ತಾವು ಆಡುವುದೇ ಜಾಸ್ತಿ. ಮಿಲ್ಡ್ರೆಡ್ ಪಾರ್ಟನ್ ಅನ್ನುವ ಅಮೆರಿಕದ ಸಂಶೋಧಕಿ ಮಕ್ಕಳು ಆಡುವುದನ್ನು ಕೂತು ನೋಡಿ 1932ರಲ್ಲೇ ಇದನ್ನು ಬರೆದಿದ್ದಾರೆ. ಎಲ್ಲರೂ ಸೇರಿ ಒಂದೇ ಕೆಲಸ ಅಂತ ಆಡುವುದು ವಯಸ್ಸಾಗುತ್ತಾ ನಿಧಾನಕ್ಕೆ ಬರುತ್ತದೆ. ಹಾಗಾಗಿ ಅಣ್ಣಂದಿರು ಕಟ್ಟಿದ್ದನ್ನು ಅವಳು ತಳ್ಳಿ ಬೀಳಿಸಿದರೆ ಹಟಮಾರಿ ಅನ್ನಬೇಡಿ, ಅವಳಿಗೆ ಅದೂ ಆಟವೇ. ಬ್ಲಾಕ್ಸ್ ಹೊತ್ತುಕೊಂಡು ಓಡಾಡುವುದು ಅವಳಿಗೆ ಇಷ್ಟ ಇರುತ್ತದೆ, ತಂದುಕೊಡುವ ಕೆಲಸ ಅವಳಿಗೇ ಕೊಡಿ.

ದೊಡ್ಡವರಿಬ್ಬರದು ಬೇರೆ ಮಾತು. ನಾಲ್ಕು, ಐದು ವರ್ಷಕ್ಕೆ ಸೇರಿ ಕಟ್ಟಲು ಬರುತ್ತದೆ, ಆದರೆ ಸೇರಲೇಬೇಕಾದ ಕಾರಣ ಒಂದು ಇರಬೇಕು. ರಾಶಿ ಒಂದೇ ಇದ್ದರೆ ಅದೇ ಕಾರಣ. ಹಂಚಿಬಿಟ್ಟರೆ ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಮಾತೇ ನಿಂತುಹೋಗುತ್ತದೆ.

ಅವರು ಸೇತುವೆ ಕಟ್ಟುವಾಗ ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಎರಡು ಕಂಬ ನಿಲ್ಲಿಸುತ್ತಾರೆ, ಮೇಲೆ ಹಲಗೆ ಇಡುತ್ತಾರೆ, ಅದು ಈ ತುದಿಗೆ ಸಿಕ್ಕಿದರೆ ಆ ತುದಿಗೆ ಸಿಗುವುದಿಲ್ಲ, ದಬಕ್ ಅಂತ ಬೀಳುತ್ತದೆ. ಒಬ್ಬ ಇನ್ನೂ ಉದ್ದದ್ದು ಹುಡುಕಲು ಹೋಗುತ್ತಾನೆ. ಇನ್ನೊಬ್ಬ ಕಂಬವನ್ನೇ ಹತ್ತಿರ ಎಳೆಯುತ್ತಾನೆ. ಎರಡೂ ಸರಿಯಾದ ಉತ್ತರವೇ! ಈಗ ಯಾವುದು ಮಾಡೋಣ ಅಂತ ಜಗಳ ಶುರು, "ಕಾರು ಹೋಗಲ್ಲ ಕಣೋ, ಸಂದಿ ಚಿಕ್ಕದಾಯ್ತು" ಅಂತ ಒಬ್ಬ ಕಾರಣ ಕೊಡುತ್ತಾನೆ. ಅಳತೆ, ಸಮತೋಲ, ಇನ್ನೊಬ್ಬನಿಗೆ ಅರ್ಥವಾಗುವ ಹಾಗೆ ಹೇಳುವುದು, ಎಲ್ಲ ಆ ಒಂದು ಜಗಳದಲ್ಲೇ ಇದೆ. ಅಷ್ಟರಲ್ಲಿ ನಾವು ಹೋಗಿ ಹಲಗೆ ಸರಿಯಾಗಿ ಇಟ್ಟುಕೊಟ್ಟರೆ ಅಲ್ಲಿಗೆ ಮುಗಿಯಿತು. ಹೊಡೆದಾಟಕ್ಕೆ ಬಂದರೆ ಮಾತ್ರ ನಡುವೆ ಹೋಗಿ. ಇಲ್ಲದಿದ್ದರೆ "ಅವನು ಏನು ಮಾಡಬೇಕು ಅಂತಿದ್ದ, ಕೇಳಿದೆಯಾ?" ಅಂದರೆ ಸಾಕು.

ಕೊಳ್ಳುವುದಾದರೆ ಬಣ್ಣ ಹಚ್ಚದ ಸಾದಾ ಮರದ ಬ್ಲಾಕ್ಸ್ ನೋಡಿ, ಯೂನಿಟ್ ಬ್ಲಾಕ್ಸ್ ಅಂತ ಸಿಗುತ್ತವೆ. ನ್ಯೂಯಾರ್ಕಿನಲ್ಲಿ ಶಾಲೆ ನಡೆಸುತ್ತಿದ್ದ ಕ್ಯಾರೊಲಿನ್ ಪ್ರಾಟ್ ಮಾಡಿದ್ದು, ನೂರು ವರ್ಷದ ಮೇಲಾಯಿತು. ಮೂಲ ಬ್ಲಾಕ್‌ನ ಅಗಲ ದಪ್ಪದ ಎರಡರಷ್ಟು, ಉದ್ದ ಅಗಲದ ಎರಡರಷ್ಟು. ಅದರ ಅರ್ಧ ಉದ್ದದವೂ, ಎರಡರಷ್ಟು ಉದ್ದದವೂ ಇರುತ್ತವೆ. ಉದ್ದದ್ದು ಖಾಲಿಯಾದಾಗ ಎರಡು ಗಿಡ್ಡದ್ದು ಸೇರಿಸಿದರೆ ಅಷ್ಟೇ ಆಗುತ್ತದೆ ಅಂತ ಮಕ್ಕಳೇ ಕಂಡುಕೊಳ್ಳುತ್ತಾರೆ, ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಕೊಳ್ಳಲೇಬೇಕು ಅಂತಲೂ ಇಲ್ಲ ಅಕ್ಕ. ದೊಡ್ಡ ರಟ್ಟಿನ ಪೆಟ್ಟಿಗೆಗಳು ಇದಕ್ಕಿಂತ ಒಳ್ಳೆಯದು ಅಂತ ನನಗೆ ಅನಿಸುತ್ತದೆ, ಯಾಕಂದರೆ ಅವು ಒಬ್ಬನ ಕೈಯಲ್ಲಿ ಆಗುವುದೇ ಇಲ್ಲ. ಒಬ್ಬ ಎರಡೂ ಕೈಯಲ್ಲಿ ಗೋಡೆ ಹಿಡಿದುಕೊಳ್ಳಬೇಕು, ಇನ್ನೊಬ್ಬ ಟೇಪ್ ಅಂಟಿಸಬೇಕು, ಬಿಟ್ಟರೆ ಬೀಳುತ್ತದೆ. ಸಹಕಾರ ಮಾಡಿ ಅಂತ ಬಾಯಿಬಿಟ್ಟು ಹೇಳುವ ಅಗತ್ಯವೇ ಬರುವುದಿಲ್ಲ. ಕಿಟಕಿ, ಬಾಗಿಲು ಕತ್ತರಿಸುವುದು ಮಾತ್ರ ನಿಮ್ಮ ಕೆಲಸ, ಎಲ್ಲಿ ಬೇಕು ಅಂತ ಅವರು ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಡಲಿ. ಬಾಯಲ್ಲಿ ಹಿಡಿಯುವಂಥ ಸಣ್ಣ ಚೂರುಗಳು ಚಿಕ್ಕವಳ ಹತ್ತಿರ ಬೇಡವೇ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಆಮೇಲೆ, ಮಲಗುವ ಹೊತ್ತಾಯಿತು ಅಂತ ಎಲ್ಲ ಬಿಚ್ಚಿ ಡಬ್ಬಕ್ಕೆ ತುಂಬಿಸಬೇಡಿ. ಒಂದು ಮೂಲೆಯಲ್ಲಿ ಅರ್ಧ ಕಟ್ಟಿದ್ದು ಹಾಗೇ ಇರಲಿ. ಬೆಳಿಗ್ಗೆ ಎದ್ದು ಬಂದು "ಇಲ್ಲಿ ಮೆಟ್ಟಿಲು ಹಾಕೋಣ ಅಂದಿದ್ದೆ ಅಲ್ವಾ" ಅಂತ ಅಲ್ಲಿಂದಲೇ ಮುಂದುವರಿಸುತ್ತಾರೆ. ಎರಡು ವಾರ ಹೀಗೆ ಮಾಡಿ ನೋಡಿ, ಹೇಗಾಯಿತು ಅಂತ ಗ್ರೂಪಲ್ಲೇ ಹೇಳಿ.