ಪಾಳಿ ಕೆಲಸ, ಏರಿದ ಕೊಲೆಸ್ಟ್ರಾಲ್: ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು: ನಮ್ಮ ಮನೆಯವರಿಗೆ 41. ಪೀಣ್ಯದಲ್ಲಿ ಮೂರು ಪಾಳಿ ಕೆಲಸ, ವಾರವಾರ ಶಿಫ್ಟ್ ಬದಲಾಗುತ್ತೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 172 ಬಂದಿದೆ. ಡಾಕ್ಟರು ಕೊಲೆಸ್ಟ್ರಾಲ್ ಇಳಿಸೋ ಅಟೋರ್ವಾಸ್ಟಾಟಿನ್ ಮಾತ್ರೆ ಬರೆದು, ಮಲಗೋ ಮುಂಚೆ ತಗೊಳ್ಳಿ ಅಂದರು. ನೈಟ್ ಶಿಫ್ಟಲ್ಲಿ ಇವರು ಮಲಗೋದೇ ಬೆಳಿಗ್ಗೆ! ಮಾವನವರಿಗೆ 49ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಪಾಳಿ ಕೆಲಸದಿಂದ ಹೃದಯಕ್ಕೆ ತೊಂದರೆ ಅನ್ನೋದು ನಿಜಾನಾ?

ನಿವೃತ್ತ ಸ್ಟಾಫ್ ನರ್ಸ್, ಮಂಗಳೂರು: ಮಾತ್ರೆಯದ್ದು ಮೊದಲು ಹೇಳ್ತೇನೆ. ಲಿವರ್ ಕೊಲೆಸ್ಟ್ರಾಲ್ ತಯಾರು ಮಾಡುವುದು ರಾತ್ರಿ ಜಾಸ್ತಿ. ಸಿಮ್ವಾಸ್ಟಾಟಿನ್‌ನಂಥ ಹಳೆಯ ಮಾತ್ರೆಯ ಬಲ ಬೇಗ ಇಳಿಯುತ್ತಿತ್ತು, ಹಾಗಾಗಿ ರಾತ್ರಿಯೇ ಕೊಡುವ ಕ್ರಮ. ಅಟೋರ್ವಾಸ್ಟಾಟಿನ್ ಮೈಯಲ್ಲಿ ತುಂಬ ಹೊತ್ತು ಇರ್ತದೆ. ದಿನಾ ಒಂದೇ ಹೊತ್ತಿಗೆ ತಗೊಂಡ್ರೆ ಆಯ್ತು. ರಾತ್ರಿ ಎಂಟು ಗಂಟೆ ಮೂರೂ ಪಾಳಿಯಲ್ಲಿ ಎಚ್ಚರ ಇರುವ ಹೊತ್ತಲ್ವಾ? ಡಾಕ್ಟರಲ್ಲಿ ಕೇಳಿ ಅದನ್ನೇ ಹಿಡಿಯಿರಿ, ಮಾತ್ರೆಯ ಒಂದು ಸ್ಟ್ರಿಪ್ ಬ್ಯಾಗಿನಲ್ಲೂ ಇರಲಿ.

ಇನ್ನು ತೊಂದರೆ ನಿಜವಾ ಅಂದರೆ, ಹೌದು. ಮಿದುಳಿನ ಗಡಿಯಾರ ನಡೆಯುವುದು ಬೆಳಕು ನೋಡಿ, ಲಿವರಿನದ್ದು ಹೆಚ್ಚಾಗಿ ಊಟದ ಹೊತ್ತು ನೋಡಿ. ನಡುರಾತ್ರಿ ಉಂಡರೆ ಎರಡಕ್ಕೂ ತಾಳಮೇಳ ತಪ್ಪುತ್ತದೆ. ರಕ್ತದಲ್ಲಿ ಸಕ್ಕರೆ, ಕೊಬ್ಬು ಬೇಗ ಇಳಿಯುವುದಿಲ್ಲ. ನಿದ್ದೆಗೆಟ್ಟು ಬಿಪಿಯೂ ಏರ್ತದೆ.

ಉಕ್ಕಿನ ಕಾರ್ಖಾನೆ ನೌಕರ, ಬಳ್ಳಾರಿ ಕಡೆ: ನೋಡ್ರಿ ಅಕ್ಕಾರ, ನಮ್ಮಲ್ಲಿ ರಾತ್ರಿ ಎರಡಕ್ಕ ಮಿರ್ಚಿ, ಪಲಾವು, ಸಕ್ಕರಿ ಸುರಿದ ಚಹಾ. ಹಸಿವಿಗಲ್ಲ, ನಿದ್ದಿ ಬರಬಾರ್ದಂತ ತಿನ್ನೋದು! ಈಗ ಎಂಟೂವರಿಗೆ ಮನ್ಯಾಗ ರೊಟ್ಟಿ ಪಲ್ಯ ತಿಂದು ಹೊಂಡತೀನಿ. ನಡುವ ಮಜ್ಜಿಗಿ, ಬಾಳ ಆದ್ರ ಒಂದು ಹಿಡಿ ಶೇಂಗಾ. ಟ್ರೈಗ್ಲಿಸರೈಡ್ ಅಂತಾರಲ್ರಿ, ರಕ್ತದಾಗಿನ ಇನ್ನೊಂದು ಕೊಬ್ಬು, ಅದು ಚಲೋ ಇಳೀತು. ಎಲ್‌ಡಿಎಲ್ ಇಳಿಸಿದ್ದು ಮಾತ್ರ ಗುಳಿಗಿನ, ಸುಳ್ಳು ಯಾಕ ಹೇಳ್ಲಿ. ಮುಂಜಾನೆ ಬಸ್ಸಿನ್ಯಾಗ ಕಪ್ಪು ಕನ್ನಡಕ ಹಾಕ್ಕೋತೀನಿ, ಬೆಳಕು ಬಿದ್ರ ನಿದ್ದಿ ಹಾರತೈತಿ. ಗಾಡಿ ಅವರ ಹೊಡೀತಿದ್ರ ಅದು ಬ್ಯಾಡ, ತೂಕಡಿಕಿ ಬಂದೀತು. ಪಾಳಿ ತಿರುಗೋದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹಿಂಗ ಇದ್ರ ಮೈ ಒಗ್ಗತೈತಿ. ಉಲ್ಟಾ ಇದ್ರ ಕಷ್ಟ, ಯೂನಿಯನ್‌ನವರಿಗೆ ಹೇಳ್ರಿ.

ಇನ್ನೊಬ್ಬರು: ಇಂಗ್ಲಿಷ್ ಮಾತ್ರೆ ಶುರುವಾದ್ರೆ ಬಿಡಕ್ಕಾಗಲ್ಲ. ಬೆಳ್ಳುಳ್ಳಿ ಹಾಲಲ್ಲಿ ಕುದಿಸಿ ಕೊಡಿ, ಆ ಕೆಲಸ ಬಿಡಿಸಿ.

ನಿವೃತ್ತ ಸ್ಟಾಫ್ ನರ್ಸ್: ಕೆಲಸ ಬಿಟ್ಟರೆ ಮನೆ ಬಾಡಿಗೆ ಬೆಳ್ಳುಳ್ಳಿ ಕಟ್ಟುತ್ತದಾ ಮಾರಾಯ್ರೆ? ಅಡುಗೆಗೆ ಹಾಕಿ, ಬೇಡ ಅನ್ನುವುದಿಲ್ಲ. ಅಪ್ಪನಿಗೆ 49ಕ್ಕೆ ಆಗಿರುವ ಮನೆಯಲ್ಲಿ ಮಾತ್ರೆ ಬಿಡಿಸುವ ಮಾತು ಬೇಡ.

ಲ್ಯಾಬ್ ಟೆಕ್ನಿಷಿಯನ್, ಮೈಸೂರು: ಸ್ವೀಡನ್ನಿನ ಕಾಗದದ ಕಾರ್ಖಾನೆಯ ಪಾಳಿ ಕೆಲಸಗಾರರಲ್ಲಿ ಹೃದ್ರೋಗ ಹೆಚ್ಚು ಅಂತ 1986ರಲ್ಲೇ ವರದಿಯಾಗಿದೆ. 2012ರಲ್ಲಿ 34 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಪಾಳಿ ಕೆಲಸದವರಿಗೆ ಹೃದಯಾಘಾತ ಶೇ. 23ರಷ್ಟು ಹೆಚ್ಚು ಕಂಡಿತು. ಹಾಗಂತ ನೂರಕ್ಕೆ 23 ಜನರಿಗೆ ಆಗುತ್ತೆ ಅಂತಲ್ಲ. ಬೇರೆಯವರಿಗೆ ಹೋಲಿಸಿದ ಲೆಕ್ಕ ಅದು. ನಿಮ್ಮ ಮನೇಲಿ ಅದಕ್ಕಿಂತ ವಂಶದ ವಿಷಯವೇ ದೊಡ್ಡದು ಅನ್ನಿಸುತ್ತೆ. ಲೈಪೋಪ್ರೋಟೀನ್ ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ) ಅನ್ನೋ ಪರೀಕ್ಷೆ ಒಮ್ಮೆ ಮಾಡಿಸಿ. ಅದು ಹುಟ್ಟಿನಿಂದ ಬರೋದು, ಶಿಫ್ಟಿಗೂ ಊಟಕ್ಕೂ ಜಗ್ಗಲ್ಲ. ಇನ್ನು ಲಿಪಿಡ್ ಪ್ರೊಫೈಲಿಗೆ, ಅಂದ್ರೆ ರಕ್ತದ ಕೊಬ್ಬಿನ ಪರೀಕ್ಷೆಗೆ, ರಾತ್ರಿ ಪಾಳಿ ಮುಗಿಸಿ ನೇರ ಬರೋರು ಬಹಳ. ರಾತ್ರಿಯೆಲ್ಲ ತಿಂದಿದ್ದರೆ ಟ್ರೈಗ್ಲಿಸರೈಡ್ ಏರಿರುತ್ತೆ. ಬೆಳಗಿನ ಪಾಳಿಯ ವಾರದ ರಜಾದಿನ ಬನ್ನಿ, ಪ್ರತಿ ಸಲ ಹಾಗೇ ಮಾಡಿದ್ರೆ ಹೋಲಿಸೋಕೆ ಸುಲಭ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಎಂಟು ಗಂಟೆಗೆ ಅಲಾರಾಂ ಇಟ್ಟಾಯ್ತು. ವಂಶದ ವಿಷಯ ಅಂದ್ರಲ್ಲ, ಮಗನಿಗೆ 11, ಅವನಿಗೂ ಪರೀಕ್ಷೆ ಮಾಡಿಸಬೇಕಾ?

ನಿವೃತ್ತ ಸ್ಟಾಫ್ ನರ್ಸ್: ಮಾಡಿಸಿ. ಅಪ್ಪನ ರಿಪೋರ್ಟ್ ತಗೊಂಡು ಮಕ್ಕಳ ಡಾಕ್ಟರಲ್ಲಿಗೆ ಹೋಗಿ, ಅಜ್ಜನ ವಿಷಯವೂ ಹೇಳಿ. ಯಜಮಾನರ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರಿಗೂ ತಿಳಿಸಿ.