ಸಹಾಯ ಬೇಕು: ರೂಟ್ ಕೆನಾಲ್ ಆದ ಹಲ್ಲಿಗೆ ಮತ್ತೆ ಕೀವು

ಎಲ್ಲರಿಗೂ ನಮಸ್ಕಾರ. ಅಮ್ಮನ ಕೆಳಗಿನ ದವಡೆ ಹಲ್ಲಿಗೆ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದೆವು. ಈಗ ಒಸಡಿನಲ್ಲಿ ಕೀವಿನ ಗುಳ್ಳೆ, ಅಗಿದರೆ ನೋವು. ಎಕ್ಸ್‌ರೇಯಲ್ಲಿ ಬೇರಿನ ತುದಿ ಹತ್ತಿರ ಕಪ್ಪಗೆ ಕಾಣುತ್ತಿದೆ. ಶುಗರ್ ಬೇರೆ ಇದೆ.

ಒಬ್ಬ ಡಾಕ್ಟರ್ ಕೀಳಿಸಿ ಇಂಪ್ಲಾಂಟ್ (ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಿ ಅಂದರು. ಇನ್ನೊಬ್ಬರು, ಕ್ಯಾಪ್ ಮತ್ತು ಹಳೆಯ ಫಿಲ್ಲಿಂಗ್ ತೆಗೆದು, ಬೇರಿನೊಳಗೆ ಹಿಂದೆ ಕ್ಲೀನ್ ಮಾಡದೆ ಬಿಟ್ಟುಹೋದ ನಾಳವಿದ್ದರೆ ಹುಡುಕಿ ಮತ್ತೆ ಕ್ಲೀನ್ ಮಾಡಬಹುದು ಅಂದರು. ಅದೂ ಆಗದಿದ್ದರೆ ಒಸಡು ಬಿಡಿಸಿ ಬೇರಿನ ತುದಿಯನ್ನು ಸುಮಾರು 3 ಮಿಲಿಮೀಟರ್ ಕತ್ತರಿಸಿ ಮುಚ್ಚುತ್ತಾರಂತೆ. ಬೇರು ಉದ್ದಕ್ಕೆ ಸೀಳಿದ್ದರೆ ಸಾಮಾನ್ಯವಾಗಿ ಕೀಳಲೇಬೇಕಂತೆ. ಸ್ವಂತ ಹಲ್ಲು ಉಳಿದರೆ ಒಳ್ಳೆಯದು ಅಲ್ವಾ? ಕಿತ್ತ ಜಾಗಕ್ಕೆ ಇಂಪ್ಲಾಂಟ್ ಬದಲು ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು) ಹಾಕಿಸಲು ಆ ಒಳ್ಳೆ ಹಲ್ಲುಗಳನ್ನು ಸವೆಸುವುದು ನನಗಂತೂ ಇಷ್ಟವಿಲ್ಲ.

ಶುಗರ್ ಇರುವವರು ಯಾರಾದರೂ ಎರಡನೇ ಸಲ ರೂಟ್ ಕೆನಾಲ್ ಮಾಡಿಸಿದ್ದೀರಾ? ವಾಸಿಯಾಯಿತಾ? ಮೈಸೂರಿನಲ್ಲಿ ಮೈಕ್ರೋಸ್ಕೋಪ್ ಬಳಸುವ ರೂಟ್ ಕೆನಾಲ್ ಸ್ಪೆಷಲಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.