ಪದ ಬೇಕು: ಬೆಂಟನ್‌ನ 'ಸ್ಕ್ವಾಟರ್' ನಮ್ಮ ಬಗರ್ ಹುಕುಂ ಸಾಗುವಳಿದಾರನೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಸ್ಸೌರಿ ರಾಜ್ಯದ ಸೆನೆಟರ್ ಥಾಮಸ್ ಹಾರ್ಟ್ ಬೆಂಟನ್ (1821ರಿಂದ 1851) ಕುರಿತ ಪ್ರದರ್ಶನ ಫಲಕ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಸ್ಕ್ವಾಟರ್ (ಸರ್ಕಾರಿ ಜಮೀನಿನಲ್ಲಿ ಹಕ್ಕುಪತ್ರವಿಲ್ಲದೆ ನೆಲೆಸಿದವನು), ಪ್ರಿಎಂಪ್ಷನ್ (ಆ ಜಮೀನನ್ನು ಹರಾಜಿಗೆ ಮುಂಚೆ ಕೊಳ್ಳುವ ಹಕ್ಕು) ಎರಡಕ್ಕೂ ಪದ ಬೇಕು. ವಾಕ್ಯ: 'ಸರ್ಕಾರಿ ಜಮೀನಿನಲ್ಲಿ ಆಗಲೇ ಬೇರೂರಿದ ಸ್ಕ್ವಾಟರ್‌ಗಳಿಗೆ ಪ್ರಿಎಂಪ್ಷನ್ ಸಿಗಬೇಕೆಂದು ಬೆಂಟನ್ ವಾದಿಸಿದ.' ಸದ್ಯಕ್ಕೆ 'ಅತಿಕ್ರಮಣದಾರ', 'ಅಗ್ರಕ್ರಯಾಧಿಕಾರ' ಎಂದು ಹಾಕಿದ್ದೇನೆ.
– ಸು.

ಸು. ಮೇಡಂ, 'ಅತಿಕ್ರಮಣದಾರ' ಖಂಡಿತ ಬೇಡ. ಅದು ಹೆನ್ರಿ ಕ್ಲೇ ಕಡೆಯವರ ದೃಷ್ಟಿ. ಬೆಂಟನ್‌ನ ವಾಕ್ಯಕ್ಕೆ ಅವನ ಎದುರಾಳಿಯ ಬಾಯಿ ಕೊಟ್ಟಂತಾಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ಸಿದ್ಧ ಪದ ಇದೆ: ಬಗರ್ ಹುಕುಂ ಸಾಗುವಳಿದಾರ. ಜಮೀನು ಸರ್ಕಾರದ್ದು, ಉಳುವವನು ಇವನು, ಕೈಯಲ್ಲಿ ಹುಕುಂ ಇಲ್ಲ.
– ಎನ್. ಕೆ.

ಕನ್ನಡದ ಫಲಕಕ್ಕೆ ಬಗೈರ್, ಹುಕ್ಮ್ ಎಂಬ ಎರಡು ಅರಬ್ಬಿ ಪದ ಏಕೆ? ಒಕ್ಕಲು ಎಂದರೆ ನೆಲೆಯೂ ಹೌದು, ಬೇಸಾಯಗಾರನೂ ಹೌದು. 'ಬಿಡಿಯೊಕ್ಕಲು' ಎನ್ನಿ. ಪ್ರಿಎಂಪ್ಷನ್ ಲ್ಯಾಟಿನ್ನಿನಲ್ಲಿ ಮುಂಚೆ ಕೊಳ್ಳುವುದು. 'ಮುಂಗೊಳ್ಳಿಕೆ' ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.
– ಹೊ.

ವ್ಯತ್ಯಾಸ ಇದೆ. 'ಕೊಳ್' ಎಂದರೆ ತೆಗೆದುಕೊಳ್ಳುವುದೂ ಆಗುತ್ತದೆ. 'ಮುಂಗೊಳ್ಳಿಕೆ' ಓದಿದವನಿಗೆ ಮೊದಲು ಕಬಳಿಸಿದ್ದು ಎಂದೇ ಅನ್ನಿಸೀತು. ಇಲ್ಲಿ ಹಣ ಕಟ್ಟಬೇಕು: ಎಕರೆಗೆ ಒಂದೂಕಾಲು ಡಾಲರ್, 160 ಎಕರೆಗೆ 200. 'ಬಿಡಿಯೊಕ್ಕಲು' ಯಾರ ಬಾಯಲ್ಲೂ ಇಲ್ಲ.

ಬಗರ್ ಹುಕುಂ ಕೂಡ ಅರ್ಧ ಮಾತ್ರ ಸರಿ, ಯಾವ ಇಸವಿ ಎಂಬುದನ್ನು ನೋಡಬೇಕು. ಅಮೆರಿಕದ 1830ರ ಪ್ರಿಎಂಪ್ಷನ್ ಕಾಯ್ದೆ ಹಿಂದಕ್ಕೆ ಅನ್ವಯಿಸುವಂಥದ್ದು. 1829ರಲ್ಲಿ ಉತ್ತು, ಸ್ವಾಧೀನದಲ್ಲಿದ್ದವನಿಗಷ್ಟೇ ಹಕ್ಕು. ಅದು ನಮ್ಮ ಅಕ್ರಮ-ಸಕ್ರಮದ ಹಾಗೆಯೇ. 1841ರ ಕಾಯ್ದೆ ಮುಂದಕ್ಕೆ ಅನ್ವಯಿಸಿತು: ಅಳತೆಯಾದ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿ, ವಾಸವಿದ್ದು, ಸಾಗುವಳಿ ಮಾಡಿದರೆ ಹರಾಜಿಗೆ ಮುಂಚೆ ಕೊಳ್ಳಬಹುದು. ಬೇರೆಡೆ 320 ಎಕರೆ ಇದ್ದವನಿಗೆ ಇಲ್ಲ. ಅಲ್ಲಿಂದಾಚೆಗೆ ಅವನು ಕಾಯ್ದೆಯ ಹುಕುಮಿನ ಮೇಲೇ ಕೂತವನು. 'ಬಗರ್' ಎಲ್ಲಿಂದ ಬಂತು? ನಮ್ಮಲ್ಲಿ ಸಕ್ರಮಕ್ಕೆಂದು ನಮೂನೆ 53, 57 ಹಾಕಿ ಸಮಿತಿಯ ಮುಂದೆ ಕಾಯುವವನದು ಅರ್ಜಿ, ಅಮೆರಿಕದ ಆ ರೈತನದು ಹಕ್ಕು. ಫಲಕದ ವಾಕ್ಯ ಯಾವ ಕಾಯ್ದೆಯದು, ಮೇಡಂ?
– ವಿ. ರಾ.

1841ರದು, ಸರ್. ಫಲಕದ ಶೀರ್ಷಿಕೆ 'ಗಡಿನಾಡಿನ ಸೆನೆಟರ್'. ಅದಾದರೂ ಇರಲೇ?
– ಸು.

ಬೇಡ. ಗಡಿನಾಡು ಎಂದರೆ ಕಾಸರಗೋಡು, ಬೆಳಗಾವಿ ನೆನಪಾಗುತ್ತವೆ. ಗಡಿಯ ಎರಡೂ ಕಡೆ ಆಡಳಿತ ಇರುತ್ತದೆ. ಫ್ರಾಂಟಿಯರ್ ವರ್ಷವರ್ಷ ಪಶ್ಚಿಮಕ್ಕೆ ಸರಿಯುವ ವಲಸೆಯ ಅಂಚು. 'ಹೊಸ ನೆಲೆಗಳ ನಾಡಿನ' ಎನ್ನಬಹುದು. ಆದರೆ 'ಖಾಲಿ ನೆಲ' ಎಂದು ಎಲ್ಲೂ ಬರೆಯಬೇಡಿ. ಮೂಲನಿವಾಸಿಗಳಾದ ಓಸೇಜ್ ಜನರಿಂದ 1808, 1825ರ ಒಪ್ಪಂದಗಳಲ್ಲಿ ಬರೆಸಿಕೊಂಡ ನೆಲ ಆ ನಾಡಿನಲ್ಲಿದೆ.
– ಎನ್. ಕೆ.

ಅರಬ್ಬಿ ಬಂತು, ಸಂಸ್ಕೃತ ಬಂತು, ಈಗ ಇಂಗ್ಲಿಷಿನ ಸೆನೆಟರ್. ಎಲ್ಲ ಎರವಲೇ ಆದರೆ ಕನ್ನಡದ್ದು ಬರೀ ವಿಭಕ್ತಿ ಪ್ರತ್ಯಯವೇ?
– ಹೊ.

ಜಮೀನು, ಅರ್ಜಿ, ಹರಾಜು, ಕಾಯ್ದೆ ಎಲ್ಲ ಅರಬ್ಬಿ, ಪಾರಸಿಗಳಿಂದಲೇ ಬಂದವು. ಅವನ್ನು ಬಿಟ್ಟು ಒಂದು ಪಹಣಿ ಬರೆದು ತೋರಿಸಿ, ಆಮೇಲೆ ಮಾತಾಡೋಣ. ಮೇಡಂ: ಸ್ಕ್ವಾಟರ್‌ಗೆ 'ನೆಲೆಸಿದ ರೈತ', ಪ್ರಿಎಂಪ್ಷನ್‌ಗೆ 'ಮೊದಲು ಕೊಳ್ಳುವ ಹಕ್ಕು'. 'ಅಗ್ರಕ್ರಯಾಧಿಕಾರ' ಹಾಕಿದರೆ ವಕೀಲರು ಪಾಲುದಾರನ, ಪಕ್ಕದ ಹೊಲದವನ ಶುಫಾ ಹಕ್ಕು (ಮುಸ್ಲಿಂ ಕಾನೂನಿನಲ್ಲಿ ಅವರಿಗಿರುವ ಮೊದಲು ಕೊಳ್ಳುವ ಹಕ್ಕು) ಎಂದುಕೊಳ್ಳುತ್ತಾರೆ. 1830ರ ಕಾಯ್ದೆಯ ಫಲಕ ಬೇರೆ ಇದ್ದರೆ ಅಲ್ಲಿ ಬಗರ್ ಹುಕುಂ ಧಾರಾಳವಾಗಿ ಹಾಕಿ.
– ವಿ. ರಾ.

ಇದೆ ಸರ್, ಮೂರನೇ ಫಲಕ. ಎರಡನ್ನೂ ಹಾಗೇ ಹಾಕುತ್ತೇನೆ.
– ಸು.